ಎಳೆಹಗ್ಗ

ಅಪ್ಪನಿಗೆ ಎರಡು ಸೀಟಿನ ಕಾರು.
ಸಂಸಾರವೆಂದರೆ ಅವನ ಲೆಕ್ಕದಲ್ಲಿ ಅಷ್ಟೇ:
ಸ್ಟಿಯರಿಂಗ್ ಹಿಡಿದವನೊಬ್ಬ,
ತಲೆಗೆ ಸ್ಕಾರ್ಫು ಕಟ್ಟಿದವಳೊಬ್ಬಳು.
ನಾನೂ ತಮ್ಮ ಗೆರೈಂಟನೂ
ಭಾನುವಾರದ ಮಧ್ಯಾಹ್ನ ಗೇಟಿನ ಸರಳು ಹಿಡಿದು
ಅವರು ಬಿಟ್ಟುಹೋದ ಹೊಗೆ ಕುಡಿದು
ಒಳಗೆ ಹೋಗುತ್ತಿದ್ದೆವು,
ನೆಸ್ಟಾ ಚಿಕ್ಕಮ್ಮನ ಬೆಣ್ಣೆ ಬ್ರೆಡ್ಡಿಗೆ.

ಅರವತ್ತೆರಡರ ಮಾಡೆಲ್ಲು. ಹಸಿರು,
ಹಳೆಯ ಔಷಧಿ ಬಾಟಲಿಯ ಹಸಿರು.
ಚಕ್ರದ ಕಡ್ಡಿ ಒಂದೊಂದನ್ನೂ
ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದ.
ನಮ್ಮ ಹಲ್ಲು ಅವನು ನೋಡಿದ ನೆನಪಿಲ್ಲ.

ನನ್ನದು ಏಳು ಸೀಟಿನ ವ್ಯಾನು.
ಬಣ್ಣ ಕೇಳಬೇಡಿ. ಮಾರಿದವನು ಬೆಳ್ಳಿ ಅಂದ;
ಪಾತ್ರೆ ತೊಳೆದ ನೀರಿಗೂ ಅದೇ ಬಣ್ಣ.
ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಹುಡಿ,
ಜೋಡಿ ಸಿಗದ ಕಾಲುಚೀಲ,
ಬೂಟಿನಿಂದ ಉದುರಿದ ಅರ್ಧ ರಗ್ಬಿ ಮೈದಾನ,
ಹಿಂದುಗಡೆ ಅತ್ತೆಯ ಗಾಲಿಕುರ್ಚಿ.
ಬೆಲ್ಟು ಹಾಕದಿದ್ದರೆ ಕುಂಯ್,
ಗೆರೆ ದಾಟಿದರೆ ಕುಂಯ್,
ಬಹಳ ಹೊತ್ತು ಓಡಿಸಿದರೆ
ಗಾಜಿನಲ್ಲೊಂದು ಕಾಫಿ ಲೋಟದ ಚಿತ್ರ:
ದಣಿದಿದ್ದೀಯ, ಸ್ವಲ್ಪ ನಿಲ್ಲು.
ಮದುವೆಯಾಗಿ ಇಷ್ಟು ವರ್ಷ,
ಯಾರೂ ಹೀಗೆ ವಿಚಾರಿಸಿರಲಿಲ್ಲ.

ಅದೇನು ಕಾರೇ, ಫ್ರಿಜ್ಜಿಗೆ ಗಾಲಿ ಹಾಕಿದ್ದಾರೆ,
ಎನ್ನುತ್ತಾನೆ ಅಪ್ಪ.
ನಾನೂ ಬಿಡುವವಳಲ್ಲ: ನಿನ್ನದು
ನಿಂತಲ್ಲೆಲ್ಲ ಎಣ್ಣೆಯ ರುಜು ಹಾಕುತ್ತದೆ,
ಚೋಕು ಎಳೆಯಬೇಕು, ಕಿವಿಗೊಡಬೇಕು,
ಬಾನೆಟ್ಟು ಸವರಿ ಬೇಡಿಕೊಳ್ಳಬೇಕು.
ಹೌದಲ್ಲ, ಅನ್ನುತ್ತಾನೆ, ಹೊಗಳಿದೆನೇನೋ ಎಂಬಂತೆ.

ಒಂದು ಮಾತು ಒಪ್ಪಿಕೊಳ್ಳಬೇಕು.
ಅಮ್ಮ ತೀರಿಕೊಂಡ ವರ್ಷ
ಎಡಗಡೆಯ ಸೀಟು ಖಾಲಿ ಬಿತ್ತು.
ಹದಿನಾರರ ನನ್ನನ್ನು ಕರೆದ; ಹೋದೆ.
ನೆಲ ಒಂದು ಗೇಣು ಕೆಳಗೆ ಹರಿಯುತ್ತಿತ್ತು,
ಕಲ್ಲುಗೋಡೆ, ಜರೀಗಿಡ, ಕುರಿಯ ಮುಖ
ಎಲ್ಲ ಕೆನ್ನೆ ಸವರಿಕೊಂಡೇ ಹೋದವು.
ನಕ್ಕುಬಿಟ್ಟೆ, ಜೋರಾಗಿ.
ನಕ್ಕೆನಲ್ಲಾ ಎಂದು ವಾರವಿಡೀ ನಾಚಿಕೆ.

ಹೋದ ಆಗಸ್ಟಿನಲ್ಲಿ ಫೋನು.
ಬಾಲಾ ಊರಿನ ಮೇಲಿನ ಕಣಿವೆ ದಾರಿ,
ಹಳೆಯ ಕಾರುಗಳ ಮೆರವಣಿಗೆಯಲ್ಲಿ ಎಲ್ಲರೂ ಮುಂದೆ ಹೋಗಿದ್ದಾರೆ.
ನಿಂತುಹೋಯಿತು, ಅಂದ,
ಯಾರದೋ ಎದೆಬಡಿತದ ಸುದ್ದಿ ಹೇಳುವ ಹಾಗೆ.
ನಾಲ್ಕೂ ಮಕ್ಕಳನ್ನು ತುಂಬಿಕೊಂಡು ಹೊರಟೆ.

ಹಗ್ಗ ಕಟ್ಟಿದ್ದು ಮಾಕ್ಸೆನ್,
ಗಂಟು ಪರೀಕ್ಷಿಸಿದ್ದು ಅಪ್ಪ, ಮೂರು ಸಲ.
ಫ್ರಿಜ್ಜು ಮುಂದೆ, ಔಷಧಿ ಬಾಟಲಿ ಹಿಂದೆ,
ಇಳಿಜಾರು ಹಿಡಿದೆವು.
ಮಕ್ಕಳು ಬೆಲ್ಟು ಬಿಚ್ಚಿ, ಹಿಂದಿನ ಗಾಜಿಗೆ ಮೂಗು ಒತ್ತಿ,
ತೈದ್ ಕೈ ಬೀಸಿದ, ತೈದ್ ಕೈ ಬೀಸಿದ!
(ನಮ್ಮ ಕಡೆ ಅಜ್ಜನನ್ನು ಹಾಗೆ ಕರೆಯುವುದು.)
ಕುಂಯ್, ಕುಂಯ್, ಎಂದಿತು ವ್ಯಾನು.

ಕನ್ನಡಿಯಲ್ಲಿ ನೋಡಿದೆ:
ಚರ್ಮದ ಟೋಪಿ, ಎರಡೂ ಕೈ ಸ್ಟಿಯರಿಂಗಿನ ಮೇಲೆ,
ರಾಜನ ಠೀವಿ, ಎಂಜಿನ್ ಸದ್ದಿಲ್ಲ.
ಹಗ್ಗ ಸಡಿಲ ಬೀಳಬಾರದಲ್ಲ,
ನಾನು ನಿಧಾನಿಸಿದರೆ ಅವನೂ ಬ್ರೇಕು ತುಳಿಯಬೇಕು,
ನಾನು ತಿರುಗಿದರೆ ಅವನೂ ತಿರುಗಬೇಕು.
ನಲವತ್ತೇಳು ವರ್ಷದಲ್ಲಿ ಮೊದಲ ಸಲ
ನನ್ನ ಬೆನ್ನನ್ನೇ ನೋಡುತ್ತ ಬರುತ್ತಿದ್ದ ಅಪ್ಪ.

ಕೆರೆ ಕಾಣುವ ತಿರುವಿನಲ್ಲಿ ಮಳೆ ಶುರುವಾಯಿತು.
ಅವನ ಕಾರಿನ ಮಡಿಚುಚಾವಣಿ ಕಚ್ಚಿಕೊಂಡಿತ್ತು.
ನಿಲ್ಲಿಸಿದೆ. ಗುಂಡಿ ಒತ್ತಿದೆ. ಬಾಗಿಲು ತಾನೇ ಜಾರಿತು.
ಬಾ ತೈದ್, ಇಲ್ಲಿ ಸೀಟು ಖಾಲಿ ಇದೆ,
ಕೂಗಿದಳು ನಾಲ್ಕರ ನಾನ್.
ಅವನು ಎದ್ದ. ಒಳಗಿನ ಬೆಚ್ಚನೆಯನ್ನು
ಒಂದು ಗಳಿಗೆ ನೋಡಿದ.
ಬ್ರೇಕು ಹಿಡಿಯೋಕೆ ಯಾರಾದರೂ ಬೇಕಲ್ಲ ಮರೀ,
ಅಂದು ಮತ್ತೆ ಕೂತ,
ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕಿಸುತ್ತ.

ಊರಿನವರೆಗೂ ಆಮೆಯಂತೆ ಹೋದೆ.
ಗಾಜಿನಲ್ಲಿ ಕಾಫಿ ಲೋಟ ಮೂಡಿತು.
ಇಲ್ಲ ಮಾರಾಯ್ತಿ, ಇದು ನಿದ್ದೆಯಲ್ಲ,
ಅಂದೆ ಅದಕ್ಕೆ.